ಕಬ್ಬಿನ ಲೋಡಿಗೊಂದು ವರ್ಣ

ಗಂಜಾಮಿನ ಆತಿಯಾ ಎಂದರೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮದುವೆ ಮಾಡಿಸುವವರಿಗೆಲ್ಲ ಗೊತ್ತು. ಆ ಸುತ್ತಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವ ಹೆಂಗಸು ಅವಳೊಬ್ಬಳೇ. ತಲೆಗೆ ದುಪಟ್ಟ ಸುತ್ತಿಕೊಂಡು ವೇದಿಕೆಯ ಒಂದು ಮೂಲೆಯಲ್ಲಿ ನಿಂತು, ಹಾಡುವವರ ಶ್ರುತಿ ಎಲ್ಲಿಗೆ ಜಾರಿದರೂ ಅಲ್ಲಿಗೇ ಹೋಗಿ ಅವರನ್ನು ಎತ್ತಿಕೊಂಡು ಬರುತ್ತಿದ್ದಳು. ವಯಸ್ಸು ಮೂವತ್ತೈದು ದಾಟಿತ್ತು. ಕೀಬೋರ್ಡ್ ಬಿಡಬೇಕೆಂದು ಹಟ ಹಿಡಿದ ಗಂಡನನ್ನೇ ಬಿಟ್ಟು ಅಪ್ಪನ ಮನೆಗೆ ವಾಪಸು ಬಂದಿದ್ದಳು. ಅಪ್ಪ ವಜೀರ್ ಪಾಷಾ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಿದ್ದವರು. ಮೈಸೂರಿನಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಕೆಟ್ಟ ಸಿಂಥಸೈಜರನ್ನು ತಂದು, ಅದರ ಹೊಟ್ಟೆ ಬಿಚ್ಚಿ, ಒಂದೊಂದೇ ತಂತಿ ಬೆಸೆದು ಬದುಕಿಸಿ ಮಗಳಿಗೆ ಕೊಟ್ಟಿದ್ದರು. ಈಗಿನ ಹೊಸ ಕೀಬೋರ್ಡುಗಳು ಬಂದ ಮೇಲೂ ಅವಳು ಆ ಹಳೆಯದನ್ನು ಮಾರಿರಲಿಲ್ಲ.

ಅವಳನ್ನು ಹುಡುಕಿಕೊಂಡು ಒಂದು ದಿನ ಪಾಂಡವಪುರದ ಮಾನಸ ಬಂದಳು. ಮಾನಸ ಒಂದು ಸಿನಿಮಾ ಮಾಡಿದ್ದಳು, ಅವಳ ಮೊದಲನೆಯದು. ಹೆಸರು 'ಕಬ್ಬಿನ ಲೋಡು'. ಗಂಡ ಸತ್ತ ಮೇಲೆ ತಾನೇ ಟ್ರಾಕ್ಟರು ಓಡಿಸಿಕೊಂಡು ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಹೆಂಗಸಿನ ಕಥೆ. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಗಂಡಸರು ಅವಳನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತಾರೆ. ಅವಳು ಸಾಲು ಬಿಟ್ಟು ಹೋಗುವುದಿಲ್ಲ. ಸಿನಿಮಾದಲ್ಲಿ ಮಾತು ಕಡಿಮೆ, ಬಿಸಿಲು ಜಾಸ್ತಿ.

"ಇದಕ್ಕೆ ಶಾಸ್ತ್ರೀಯ ಸಂಗೀತ ಬೇಕು ಅಕ್ಕ," ಎಂದಳು ಮಾನಸ. "ಆದ್ರೆ ವೀಣೆ ಬ್ಯಾಡ, ಪಿಟೀಲು ಬ್ಯಾಡ, ಕೊಳಲಂತೂ ಬ್ಯಾಡವೇ ಬ್ಯಾಡ. ಹೆಂಗ್ಸು ಅಳ್ತಾವ್ಳೆ ಅಂದ್ರೆ ಸಾಕು, ಎಲ್ರೂ ಕೊಳಲು ಊದ್ಬುಡ್ತಾರೆ."

"ಮತ್ತೆ ಇನ್ನೇನ್ ಬೇಕು?"

"ರಾಗ ಹಳೇದೇ ಇರ್ಲಿ. ಶಬ್ದ ಮಾತ್ರ ಕಬ್ಬಿಣದ್ದಾಗಿರ್ಬೇಕು. ಕಾರ್ಖಾನೆ ಒಳ್ಗಿಂದ ಬತ್ತಾದೆ ಅನ್ನಂಗೆ. ನಮ್ ಚಿಕ್ಕಪ್ಪನ ಮಗ್ಳ ಮದ್ವೇಲಿ ಎರಡು ಹಾಡಿನ ಮಧ್ಯೆ ನೀವೇನೋ ಒಂದು ನುಡ್ಸಿದ್ರಿ. ಆವತ್ತೇ ಅಂದ್ಕಂಡೆ, ಇದು ಇವ್ರ ಕೈಲೇ ಆಗೋದು ಅಂತ."

ಮಾನಸ ಲ್ಯಾಪ್‌ಟಾಪ್ ತೆರೆದು ಸಿನಿಮಾ ತೋರಿಸಿದಳು. ಆ ಹೆಂಗಸು ಟ್ರಾಕ್ಟರಿನ ಮೇಲೆ ಎದ್ದು ನಿಂತು, ಮುಂದಿನ ಸಾಲನ್ನು ಸುಮ್ಮನೆ ನೋಡುವ ದೃಶ್ಯ ಬಂದಾಗ ಆತಿಯಾಳ ಕಿವಿಯಲ್ಲಿ ತಾನಾಗಿಯೇ ಒಂದು ವರ್ಣ ಶುರುವಾಯಿತು. ಸಿಂಹೇಂದ್ರಮಧ್ಯಮ ರಾಗದ್ದು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಾಗಲಕ್ಷ್ಮಮ್ಮ ತಮ್ಮ ಹರೆಯದಲ್ಲಿ ತಾವೇ ಕಟ್ಟಿದ್ದು. ಅವರ ಬಳಿ ಪಾಠ ಕಲಿತ ಹತ್ತಿಪ್ಪತ್ತು ಮಕ್ಕಳ ಬಾಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಇರಲಿಲ್ಲ.

ಆ ಮಕ್ಕಳಲ್ಲಿ ಆತಿಯಾ ಒಬ್ಬಳಾಗಿದ್ದಳು. ನಾಗಲಕ್ಷ್ಮಮ್ಮನದು ವೀಣೆ ಮಾಡುವ ಆಚಾರ್ರ ಮನೆ. ಅಪ್ಪ, ಅಜ್ಜ ಎಲ್ಲರೂ ಹಲಸಿನ ಮರ ಕೊರೆದು ವೀಣೆ ಮಾಡಿದವರು. ಆ ಮನೆಯ ಜಗಲಿಯಲ್ಲಿ ಕೂತು ಆತಿಯಾ ಎಂಟನೇ ವಯಸ್ಸಿನಿಂದ ಸರಳೆ, ಜಂಟಿ, ವರ್ಣ, ಕೃತಿ ಎಲ್ಲ ಕಲಿತಳು. ಕಾಲೇಜಿಗೆ ಹೋಗುವ ಹೊತ್ತಿಗೆ ಆರ್ಕೆಸ್ಟ್ರಾ ಸೇರಿದಳು. ಒಂದು ಗಣೇಶನ ಹಬ್ಬಕ್ಕೆ ಕೋಟೆಯೊಳಗೇ ಕಾರ್ಯಕ್ರಮ ಬಿತ್ತು. ನಾಗಲಕ್ಷ್ಮಮ್ಮನ ಮನೆಗೆ ಕೇಳಿಸುವಷ್ಟು ಹತ್ತಿರದಲ್ಲಿ ಅವಳು ಸಿನಿಮಾ ಹಾಡು ನುಡಿಸಿದಳು. ಮಾರನೆಯ ದಿನ ಪಾಠಕ್ಕೆ ಹೋದಾಗ ಅವರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಆ ಪೆಟ್ಟಿಗೇಲಿ ಸ್ವರ ತೂಗಾಕಿಲ್ಲ, ಗಮಕ ಇಲ್ಲ. ಗಮಕ ಇಲ್ದೇ ಇರೋದ್ನ ನುಡ್ಸೋರ್ಗೆ ನನ್ ಮನೇಲಿ ಪಾಠ ಇಲ್ಲ," ಎಂದು ಒಳಗೆ ಹೋದರು. ಆಮೇಲೆ ದಾರಿಯಲ್ಲಿ ಸಿಕ್ಕರೂ ಅವರು ಮಾತಾಡಿಸುತ್ತಿರಲಿಲ್ಲ, ಆತಿಯಾಳೂ ಮುಂದಾಗಿ ಮಾತಾಡಿಸುತ್ತಿರಲಿಲ್ಲ. ಇಬ್ಬರಲ್ಲಿ ಯಾರ ಹಟ ದೊಡ್ಡದು ಎಂದು ಹೇಳುವುದು ಕಷ್ಟ.

ಈಗ ವರ್ಣ ಬೇಕಿತ್ತು. ಕೇಳದೆ ತೆಗೆದುಕೊಳ್ಳುವ ಮಾತೇ ಇರಲಿಲ್ಲ. ಅಪ್ಪನ ಹಳೆಯ ಸಿಂಥಸೈಜರನ್ನು ಆಟೋದಲ್ಲಿ ಹಾಕಿಕೊಂಡು ಆತಿಯಾ ಕೋಟೆಯೊಳಕ್ಕೆ ಹೋದಳು.

ಮನೆಯ ಮುಂಭಾಗದಲ್ಲಿ ನಾಗಲಕ್ಷ್ಮಮ್ಮನ ಮಗ ಚಂದ್ರಶೇಖರನ ಮರಗೆಲಸದ ಕಾರ್ಖಾನೆ. ವೀಣೆಗೆ ಗಿರಾಕಿ ಕಡಿಮೆಯಾದ ಮೇಲೆ ಅವನು ಬಾಗಿಲು, ಮಂಚ ಮಾಡುತ್ತಿದ್ದ. ಆಗೊಮ್ಮೆ ಈಗೊಮ್ಮೆ ಒಂದು ವೀಣೆ. ಆತಿಯಾಳನ್ನು ಕಂಡು ಅವನು ಉಳಿ ಕೆಳಗಿಟ್ಟು ಎದ್ದ. ಒಳಗಿನಿಂದ ನಾಗಲಕ್ಷ್ಮಮ್ಮ ಹೊಸ್ತಿಲವರೆಗೆ ಬಂದರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಬೆರಳುಗಳು ಮಾತ್ರ ಕೀಲುವಾತದಿಂದ ಗಂಟುಗಂಟಾಗಿ ಸೊಟ್ಟಗಾಗಿದ್ದವು.

"ಏನು ಬಂದೆ?"

"ನಿಮ್ಮ ವರ್ಣ ಕೇಳಕ್ಕೆ ಬಂದೆ ಅಮ್ಮ. ಒಂದ್ ಸಿನಿಮಾಗೆ."

"ಯಾವ್ದರಲ್ಲಿ ನುಡಿಸ್ತೀಯೆ?"

ಆತಿಯಾ ಆಟೋದ ಕಡೆ ನೋಡಿದಳು.

"ಅದ್ನ ಒಳೀಕ್ ತರ್ಬ್ಯಾಡ," ಎಂದು ಅವರು ಒಳಗೆ ಹೋಗಿಬಿಟ್ಟರು.

ಆತಿಯಾ ಒಳಗೆ ತರಲಿಲ್ಲ, ವಾಪಸು ಹೋಗಲೂ ಇಲ್ಲ. ಚಂದ್ರಶೇಖರನ ಕಡೆ ನೋಡಿದಳು. ಅವನು ಅರ್ಧ ಮುಗಿದ ಬಾಗಿಲೊಂದನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಹಾಕಿ, ರಂಧ್ರ ಕೊರೆಯುವ ಮೆಶೀನಿನ ಪ್ಲಗ್ ಕಿತ್ತು ಸಿಂಥಸೈಜರಿಗೆ ಜಾಗ ಮಾಡಿಕೊಟ್ಟ. ಅವಳು ನಿಂತುಕೊಂಡೇ ವರ್ಣ ನುಡಿಸಿದಳು. ಮಂದ್ರದಲ್ಲಿ, ಒರಟಾದ ಲೋಹದ ಶಬ್ದದಲ್ಲಿ. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು. ಒಳಗೆ ಪಾತ್ರೆಯ ಸದ್ದು ಮೊದಲು ಜೋರಾಗಿ ಕೇಳುತ್ತಿದ್ದದ್ದು ಆಮೇಲೆ ನಿಂತಿತು. ಚರಣದ ನಡುವೆ ನಾಗಲಕ್ಷ್ಮಮ್ಮ ಹೊರಗೆ ಬಂದರು.

"ಮಧ್ಯಮ ಅಲ್ಲಾಡ್ತಾ ಇಲ್ಲ. ಕಂಬ ನೆಟ್ಟಂಗೆ ನಿಂತದೆ."

"ಅಲ್ಲಾಡ್ಸಬೌದು ಅಮ್ಮ," ಎಂದು ಆತಿಯಾ ಎಡಗಡೆಯ ಸಣ್ಣ ಗಾಲಿಯನ್ನು ತೋರಿಸಿದಳು. ಸ್ವರವನ್ನು ಹಿಡಿದುಕೊಂಡು ಗಾಲಿ ತಿರುಗಿಸಿದರೆ ಅದು ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು. "ವೀಣೇಲಿ ತಂತಿ ಎಳೆದಂಗೆ. ನನಗೆ ಸರಿಯಾಗಿ ಬತ್ತಾ ಇಲ್ಲ. ನೀವೇ ಒಂದ್ಸಲ ನೋಡಿ."

ನಾಗಲಕ್ಷ್ಮಮ್ಮ ಆ ಗಾಲಿಯನ್ನು ಬಹಳ ಹೊತ್ತು ನೋಡಿದರು. ಅವರು ವೀಣೆ ಮುಟ್ಟಿ ವರ್ಷಗಳಾಗಿದ್ದವು. ಸೊಟ್ಟ ಬೆರಳಿಗೆ ತಂತಿ ಎಳೆಯುವ ಶಕ್ತಿ ಇರಲಿಲ್ಲ. ಗಾಲಿಗೆ ಹೆಬ್ಬೆರಳು ಸಾಕಾಗಿತ್ತು. ಆತಿಯಾ ಮಧ್ಯಮವನ್ನು ಒತ್ತಿ ಹಿಡಿದಳು. ನಾಗಲಕ್ಷ್ಮಮ್ಮ ಹೆಬ್ಬೆರಳಿಟ್ಟು ಗಾಲಿಯನ್ನು ಮೆಲ್ಲಗೆ ತಳ್ಳಿದರು. ಸ್ವರ ತೂಗಿತು. ಇನ್ನೊಂದು ಸಲ ತಳ್ಳಿದರು. ಪಂಚಮದ ಅಂಚಿನವರೆಗೆ ಹೋಗಿ, ಅದನ್ನು ಮುಟ್ಟಿಯೂ ಮುಟ್ಟದಂತೆ ವಾಪಸು ಬಂತು. ಚಂದ್ರಶೇಖರ ತಿರುಗಿ ಗೋಡೆಯ ಕಡೆ ಮುಖ ಮಾಡಿಕೊಂಡ.

"ಈ ಗಾಲೀಗೆ ಎಣ್ಣೆ ಬುಡ್ಸು. ಬಿಗಿ ಅದೆ," ಎಂದರು ನಾಗಲಕ್ಷ್ಮಮ್ಮ. "ನಾಳೆ ಬಾ. ನನ್ ವರ್ಣ ಕೆಡಿಸಿದ್ರೆ ಸುಮ್ಕಿರಾಕಿಲ್ಲ."

ಅಲ್ಲಿಂದ ಮುಂದೆ ಮರದ ಪುಡಿಯ ನಡುವೆಯೇ ಕೆಲಸ ನಡೆಯಿತು. ಪೆಟ್ಟಿಗೆ ಒಳಗೆ ಹೋಗಲಿಲ್ಲ, ಅಮ್ಮನೇ ಹೊರಗೆ ಬಂದು ಕೂರುತ್ತಿದ್ದರು. ಆತಿಯಾ ಒಂದೇ ಸ್ವರವನ್ನು ಎರಡು ಮಾಡಿ, ಎರಡನೆಯದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತಿದ್ದಳು. ಆಗ ಸ್ವರದೊಳಗೆ ಒಂದು ನಡುಕ ಹುಟ್ಟುತ್ತಿತ್ತು. ಅದನ್ನು ಕೇಳಿ ನಾಗಲಕ್ಷ್ಮಮ್ಮ, "ಜ್ವರ ಬಂದೋರ್ ಹಾಡ್ದಂಗದೆ," ಎಂದರು. ಬೇಡವೇ ಎಂದರೆ, "ಇರ್ಲಿ. ಅವ್ಳಿಗೂ ಬಿಸ್ಲಲ್ಲಿ ಜ್ವರ ಬಂದಿರ್ಬೌದು," ಎಂದರು. ಆತಿಯಾ ತೋರಿಸಿದ್ದ ಸಿನಿಮಾದ ಆ ಹೆಂಗಸಿನ ಬಗ್ಗೆ ಅವರು ಪಕ್ಕದ ಬೀದಿಯವಳ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು.

ಎಲ್ಲವೂ ಸಲೀಸಾಗಿ ಹೋಯಿತು ಎಂದೇನಲ್ಲ. ತಾಳದ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು. ಆತಿಯಾ ಸಕ್ಕರೆ ಕಾರ್ಖಾನೆಯ ಯಂತ್ರದ ಪಟ್ಟಿ ತಿರುಗುವ ಸದ್ದಿನಂಥ ಒಂದು ಬಡಿತವನ್ನು ವರ್ಣದ ಕೆಳಗೆ ಹಾಸಿದ್ದಳು. ನಾಗಲಕ್ಷ್ಮಮ್ಮ, ಇದು ಹಾಡಿನ ಕತ್ತು ಹಿಡಿದು ಎಳೆದುಕೊಂಡು ಹೋಗುತ್ತದೆ, ತೆಗೆ ಎಂದರು. ಆತಿಯಾ ತೆಗೆಯಲಿಲ್ಲ. ಅವರು ಎದ್ದು ಒಳಗೆ ಹೋದರು, ಮೂರು ದಿನ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, "ಚರಣದಲ್ಲಿ ಮಾತ್ರ ತೆಗಿ. ಬಾಕಿ ಕಡೆ ಇರ್ಲಿ," ಎಂದರು. ಆತಿಯಾ ಒಪ್ಪಿದಳು. ಬಡಿತ ನಿಂತು, ವರ್ಣ ಒಂಟಿಯಾಗಿ ಮುಂದೆ ನಡೆಯುವ ಆ ಜಾಗವೇ ಇಡೀ ಸಿನಿಮಾದಲ್ಲಿ ಅತ್ಯುತ್ತಮವಾಗಿತ್ತು. ಗಮಕ ಬರುವ ಕಡೆಗಳಲ್ಲೆಲ್ಲ ಸ್ವರ ಒತ್ತಿದ್ದು ಆತಿಯಾ, ಗಾಲಿ ತಿರುಗಿಸಿದ್ದು ನಾಗಲಕ್ಷ್ಮಮ್ಮ.

ಸಿನಿಮಾದ ಒಂದು ತುಣುಕನ್ನು ಮಾನಸ ಯೂಟ್ಯೂಬಿಗೆ ಹಾಕಿದಳು. ಕಬ್ಬಿನ ಸಾಲು, ಟ್ರಾಕ್ಟರಿನ ಮೇಲೆ ಹೆಂಗಸು, ಹಿಂದೆ ವರ್ಣ. ಕೆಳಗೆ 'ಸಂಗೀತ: ಆತಿಯಾ ವಜೀರ್. ವರ್ಣ: ನಾಗಲಕ್ಷ್ಮಮ್ಮ' ಎಂದಿತ್ತು. ಎರಡೇ ದಿನದಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಬೈಗುಳ ಶುರುವಾಯಿತು. ರಾಗವನ್ನು ಕೊಂದಿದ್ದಾರೆ ಎಂದು ಕೆಲವರು. ಈ ಹೆಸರಿನವಳಿಗೆ ನಮ್ಮ ಸಂಗೀತದ ಸಹವಾಸ ಯಾಕೆ ಎಂದು ಇನ್ನು ಕೆಲವರು. ವಜೀರ್ ಪಾಷಾ ಅವನ್ನು ಓದಿ ಫೋನನ್ನು ಮಗಳ ಕೈಗೆ ಕೊಟ್ಟರು.

"ಬೇಟಿ, ಹೆಸರು ತೆಗೆದ್ಬುಟ್ರೆ ಸುಮ್ನಾಗ್ತಾರೇನೋ."

"ಹೆಸರು ತೆಗೆದ್ರೆ ನಾನು ಎಲ್ಲಿಗೆ ಹೋಗ್ಲಿ ಅಬ್ಬಾ?" ಎಂದಳು ಆತಿಯಾ.

ಸಿನಿಮಾಕ್ಕೆ ಹಣ ಹಾಕಿದವನು ನಾಗಮಂಗಲದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಿದ್ದಾರ್ಥ. ಕೆಟ್ಟವನಲ್ಲ, ಹೆದರುವವನು. ಅವನು ಮಾನಸ, ಆತಿಯಾ ಇಬ್ಬರನ್ನೂ ಗಿರಣಿಗೆ ಕರೆಸಿಕೊಂಡ. ಬೆಂಗಳೂರಿನಲ್ಲಿ ದೊಡ್ಡ ಸಂಗೀತ ನಿರ್ದೇಶಕರೊಬ್ಬರ ಜೊತೆ ಮಾತಾಡಿದ್ದೇನೆ, ಅದೇ ವರ್ಣವನ್ನು ನಿಜವಾದ ವೀಣೆಯಲ್ಲಿ, ಹೆಸರಾದ ವಿದ್ವಾಂಸರ ಕೈಯಲ್ಲಿ ನುಡಿಸುತ್ತಾರೆ ಎಂದ.

"ನಿಮ್ ಹೆಸ್ರೂ ಇರ್ತದೆ ಮೇಡಂ. ಕೊನೇಲಿ, ಕೀಬೋರ್ಡ್ ಸಹಾಯ ಅಂತ."

"ನಾನು ಸಹಾಯ ಮಾಡಿಲ್ಲ, ಸಂಗೀತ ಮಾಡೀವ್ನಿ," ಎಂದಳು ಆತಿಯಾ. "ನನ್ನ ಸಂಗೀತ ತೆಗೀಬೇಕು ಅಂದ್ರೆ ತೆಗೀರಿ, ಸಿನಿಮಾಗೆ ಹಣ ಹಾಕಿರೋರು ನೀವು. ವರ್ಣ ಮಾತ್ರ ನಾಗಲಕ್ಷ್ಮಮ್ಮಂದು. ಅವ್ರನ್ನ ಕೇಳ್ದೆ ಯಾವ ವಿದ್ವಾಂಸರೂ ಅದ್ನ ಮುಟ್ಟಂಗಿಲ್ಲ."

"ಆತಿಯಾ ಅಕ್ಕ ಇಲ್ದಿದ್ರೆ ನನ್ ಹೆಸ್ರೂ ತೆಗೆದ್ಬುಡಿ ಅಣ್ಣ," ಎಂದಳು ಮಾನಸ.

ಸಿದ್ದಾರ್ಥ ತಲೆ ಕೆರೆದುಕೊಂಡು, ಹಾಗಾದರೆ ನಾಗಲಕ್ಷ್ಮಮ್ಮನವರನ್ನೇ ಕೇಳುತ್ತೇನೆ ಎಂದ.

ಎರಡು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಅವನು ಕೋಟೆಯ ಮನೆಗೆ ಬಂದ. ಒಬ್ಬನೇ ಬರಲಿಲ್ಲ. ಊರಿನ ಸಂಗೀತ ಸಭೆಯ ಕಾರ್ಯದರ್ಶಿ ಶ್ರೀಕಂಠಯ್ಯನವರನ್ನೂ ಕರೆತಂದಿದ್ದ. ಆ ವರ್ಷದ ಸಂಗೀತೋತ್ಸವದಲ್ಲಿ ಸಭೆ ನಾಗಲಕ್ಷ್ಮಮ್ಮನಿಗೆ ಸನ್ಮಾನ ಮಾಡುವುದೆಂದು ತೀರ್ಮಾನವಾಗಿತ್ತು. ಇಷ್ಟು ವರ್ಷ ಅದೇ ಊರಿನಲ್ಲಿ ಪಾಠ ಹೇಳಿದವರಿಗೆ ಅದು ಮೊದಲನೆಯ ಸನ್ಮಾನ. ಆಮಂತ್ರಣ ಪತ್ರಿಕೆ ಬಂದ ದಿನ ಅವರು ಅದನ್ನು ದೇವರ ಮುಂದೆ ಇಟ್ಟಿದ್ದನ್ನು ಆತಿಯಾ ನೋಡಿದ್ದಳು.

ಶ್ರೀಕಂಠಯ್ಯ ಚಂದ್ರಶೇಖರ ಮಾಡುತ್ತಿದ್ದ ಮಂಚದ ಅಂಚಿನಲ್ಲಿ ಕೂತರು. ಆತಿಯಾ ಸಿಂಥಸೈಜರಿನ ಹಿಂದೆ ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ.

"ನಾಗಲಕ್ಷ್ಮಮ್ಮನವರೇ, ಆ ತುಣುಕು ನೋಡಿ ನಮ್ಮ ಸದಸ್ಯರೆಲ್ಲ ನೊಂದುಕೊಂಡಿದ್ದಾರೆ. ಇದು ನಿಮ್ಮ ಗಮನಕ್ಕೆ ಬಾರದೆ ನಡೆದಿದೆ ಅಂತ ಒಂದು ಮಾತು ಹೇಳಿಬಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅಷ್ಟು ಸಾಕು, ಸನ್ಮಾನಕ್ಕೆ ಏನೂ ತೊಂದರೆ ಬರೋದಿಲ್ಲ."

"ನನ್ ಗಮನಕ್ಕೆ ಬಂದೇ ಆಗಿರೋದು."

"ಇರಬಹುದು. ಆದರೆ ಸಂಗೀತ ಅಂದರೆ ಉಸಿರು. ಯಂತ್ರಕ್ಕೆ ಉಸಿರಿದೆಯೇ ಹೇಳಿ. ನನಗೆ ಯಾರ ಮೇಲೂ ದ್ವೇಷ ಇಲ್ಲ. ಕೇಳಿದಾಗ ನಿಜವಾಗಿ ಸಂಕಟ ಆಯಿತು."

ಅವರ ಸಂಕಟ ಸುಳ್ಳಾಗಿರಲಿಲ್ಲ. ಊರಿನಲ್ಲಿ ಸಭೆಯನ್ನು ಇಷ್ಟು ವರ್ಷ ಕಟ್ಟಿಕೊಂಡು ಬಂದವರು ಅವರೇ. ಕಛೇರಿಗೆ ಹತ್ತೇ ಜನ ಬಂದರೂ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುವವರು.

"ಸಂಕಟ ಆಗ್ಲಿ ಅಂತ್ಲೇ ಮಾಡಿದ್ದು," ಎಂದರು ನಾಗಲಕ್ಷ್ಮಮ್ಮ. "ಆ ಹೆಂಗ್ಸು ಬಿಸ್ಲಲ್ಲಿ ನಿಂತವ್ಳೆ. ಕೇಳೋರ್ಗೆ ಸುಖವಾಗಿರ್ಬೇಕಾ?"

ಸಿದ್ದಾರ್ಥ ಮುಂದೆ ಬಾಗಿದ. "ಅವ್ವಾ, ನೀವು ಬ್ಯಾರೆ ತರ ತಿಳ್ಕಬ್ಯಾಡಿ. ನಿಮ್ ವರ್ಣನೇ ಇರ್ತದೆ. ದೊಡ್ ವಿದ್ವಾಂಸರು, ನಿಜವಾದ ವೀಣೇಲಿ ನುಡಿಸ್ತಾರೆ. ನಾಳೆ ದಿನ ಅವ್ರು ಕಛೇರೀಲೂ ನುಡ್ಸಬೌದು, ಊರೂರಿಗೆ ನಿಮ್ ಹೆಸ್ರು ಹೋಯ್ತದೆ."

ನಾಗಲಕ್ಷ್ಮಮ್ಮ ತಮ್ಮ ಸೊಟ್ಟ ಬೆರಳುಗಳನ್ನು ನೋಡಿಕೊಂಡರು. ಆ ವರ್ಣವನ್ನು ಒಬ್ಬ ದೊಡ್ಡ ವಿದ್ವಾಂಸರು ವೀಣೆಯಲ್ಲಿ ನುಡಿಸುವುದು, ಅದಕ್ಕಿಂತ ಅವರಿಗೆ ಬೇರೆ ಯಾವ ಆಸೆ ಇದ್ದೀತು? ಅವರು ಒಪ್ಪಿದರೂ ತಪ್ಪಲ್ಲ ಎಂದು ಆತಿಯಾಳಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಲು ಮಾತ್ರ ಮನಸ್ಸು ಬರಲಿಲ್ಲ.

"ಇವ್ಳ ಹೆಸ್ರು ಎಲ್ ಬತ್ತದೆ?" ಎಂದು ನಾಗಲಕ್ಷ್ಮಮ್ಮ ಕೇಳಿದರು.

"ಕೊನೇಲಿ ಹಾಕ್ತೀವಿ ಅವ್ವಾ."

ನಾಗಲಕ್ಷ್ಮಮ್ಮ ಶ್ರೀಕಂಠಯ್ಯನವರ ಕಡೆ ತಿರುಗಿದರು. "ನಿಮ್ಮನೇಲಿ ಒಂದ್ ವೀಣೆ ಅದೆಯಲ್ಲ ಸ್ವಾಮಿ, ದಂತದ ಕೆಲ್ಸದ್ದು. ಅದು ನಮ್ಮಪ್ಪ ಮಾಡಿದ್ದು. ತಲ್ಪಿಸಕ್ಕೆ ನಾನೂ ಅಪ್ಪನ ಜೊತೆ ಬಂದಿದ್ದೆ. ಲಂಗ ಹಾಕೋ ವಯಸ್ಸು. ಶ್ರುತಿ ಸರಿ ಅದಾ ನೋಡವ್ವ ಅಂತ ಅಪ್ಪ ಅಂದ್ರು, ಕೂತ್ಕಂಡು ಒಂದ್ ಗೀತೆ ನುಡ್ಸಿದೆ. ನಿಮ್ ತಂದೆಯೋರು ಒಳ್ಗಿಂದ ಬಂದ್ರು. ಮಾಡೋರು ಮಾಡ್ಬೇಕು, ನುಡ್ಸೋರು ನುಡ್ಸಬೇಕು ಅಂದ್ರು. ಆಮೇಲೆ ಅಪ್ಪನ್ಗೆ, ಈ ತಂತಿ ಎಲ್ಲ ಬಿಚ್ಚಿ ಹೊಸಾವ ಹಾಕ್ಕೊಡು ಅಂದ್ರು. ನಾನು ಮುಟ್ಟಿದ್ದೆ ಅಂತ."

ಚಂದ್ರಶೇಖರನಿಗೂ ಈ ವಿಷಯ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಅದು ಆ ಕಾಲ," ಎಂದರು ಶ್ರೀಕಂಠಯ್ಯ ಮೆಲ್ಲಗೆ.

"ಈ ಕಾಲದಲ್ಲಿ ನೀವು ಬಂದಿದ್ದೀರಿ. ತಂತಿ ಬದಲಾಯ್ಸಕ್ಕೆ." ನಾಗಲಕ್ಷ್ಮಮ್ಮನ ದನಿ ಏರಲಿಲ್ಲ. "ಅಪ್ಪ ಆವತ್ತು ಒಂದೂ ಮಾತಾಡ್ದೆ ಬದಲಾಯ್ಸಿ ಕೊಟ್ರು. ಹೊಟ್ಟೆಪಾಡು. ಮನೇಗ್ ಬಂದ್ಮ್ಯಾಕೆ ನಂಗೊಂದು ವೀಣೆ ಮಾಡ್ಕೊಟ್ರು. ನಾನು ಬದಲಾಯ್ಸಿ ಕೊಡಾಕಿಲ್ಲ. ಈ ವರ್ಣ ಇವ್ಳು ನುಡ್ಸಿದ್ದೇ ಇರ್ಬೇಕು, ಇವ್ಳ ಹೆಸ್ರು ಮುಂದೇನೇ ಬರ್ಬೇಕು. ಅದ್ರಲ್ಲಿ ಅಲ್ಲಾಡ್ತಾ ಇರೋ ಗಮಕ ಯಂತ್ರದ್ದಲ್ಲ, ನಂದು." ಅವರು ತಮ್ಮ ಗಂಟುಗಟ್ಟಿದ ಹೆಬ್ಬೆರಳನ್ನು ಎತ್ತಿ ತೋರಿಸಿದರು. "ಶಾಲು ನಿಮ್ ಹತ್ರಾನೇ ಇರ್ಲಿ."

ಶ್ರೀಕಂಠಯ್ಯ ಎದ್ದು ಕೈ ಮುಗಿದು ಹೊರಟರು. ಸಿದ್ದಾರ್ಥ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಹೋಗುವ ಮುಂಚೆ, ಆ ಗಾಲಿ ಯಾವುದು ಎಂದು ಆತಿಯಾಳನ್ನು ಕೇಳಿ ನೋಡಿಕೊಂಡು ಹೋದ.

ಸನ್ಮಾನ ರದ್ದಾಯಿತು. ಪಾಠಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಬರುವುದನ್ನು ನಿಲ್ಲಿಸಿದರು. ನಾಗಲಕ್ಷ್ಮಮ್ಮ ಯಾರ ಹತ್ತಿರವೂ ಅದರ ಬಗ್ಗೆ ಕೊರಗಲಿಲ್ಲ. ಉತ್ಸವದ ದಿನ ಬೆಳಿಗ್ಗೆ ಮಾತ್ರ ಆತಿಯಾಳಿಗೆ ಫೋನ್ ಮಾಡಿ, ಕಛೇರಿಗೆ ಹೋಗೋಣ ಬಾ ಎಂದರು.

"ಅಮ್ಮ, ಅಲ್ಲಿಗಾ?"

"ಸನ್ಮಾನ ಇಲ್ಲ ಅಂದ್ರೆ ಸಂಗೀತ ಕೇಳಕ್ಕೂ ಹೋಗ್ಬಾರ್ದಾ? ಅವರಪ್ಪನ ಮನೆ ಸಂಗೀತವಾ?"

ಅವರು ಸನ್ಮಾನಕ್ಕೆಂದು ತೆಗೆಸಿಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಆತಿಯಾ ಬುರ್ಖಾ ಹಾಕಿಕೊಂಡೇ ಹೋದಳು. ಬೇಕೆಂದೇ ಹಾಕಿಕೊಂಡು ಹೋದಳು. ಇಬ್ಬರೂ ಸಭಾಂಗಣದ ಮಧ್ಯದ ದಾರಿಯಲ್ಲಿ ನಡೆದು ಹೋಗಿ ಮೊದಲನೆಯ ಸಾಲಿನಲ್ಲಿ ಕೂತರು. ಹಿಂದೆ ಗುಸುಗುಸು ಎದ್ದಿತು. ಸ್ವಯಂಸೇವಕನೊಬ್ಬ ಹತ್ತಿರ ಬಂದು, ಈ ಸಾಲು ಅತಿಥಿಗಳಿಗೆ ಎಂದು ಹೇಳಲು ಬಾಯಿ ತೆರೆದ. ನಾಗಲಕ್ಷ್ಮಮ್ಮ ಅವನನ್ನು ನೋಡಿದ ರೀತಿಗೆ, "ನೀರು ಬೇಕಾ ಅಜ್ಜಿ?" ಎಂದು ಕೇಳಿ ಹೋದ. ಕಛೇರಿ ಮುಗಿಯುವವರೆಗೂ ಅವರು ತೊಡೆಯ ಮೇಲೆ ಜೋರಾಗಿ ತಾಳ ಹಾಕಿದರು. ಚೆನ್ನಾಗಿ ಹಾಡಿದ ಕಡೆ ಎಲ್ಲರಿಗಿಂತ ಮೊದಲು "ಭೇಷ್" ಎಂದರು. ಹಾಡುತ್ತಿದ್ದ ಹುಡುಗಿ ಆಮೇಲಾಮೇಲೆ ಅವರ ಕಡೆಗೇ ನೋಡಿಕೊಂಡು ಹಾಡಿದಳು. ಸನ್ಮಾನದ ಹೊತ್ತಿಗೆ ಬೇರೆ ಯಾರಿಗೋ ಶಾಲು ಹೊದಿಸಿದರು. ನಾಗಲಕ್ಷ್ಮಮ್ಮ ಚಪ್ಪಾಳೆ ತಟ್ಟಿದರು. ಹೊರಗೆ ಬರುವಾಗ ಶ್ರೀಕಂಠಯ್ಯ ಬಾಗಿಲಲ್ಲಿ ಎದುರಾದರು. ಒಂದು ಕ್ಷಣ ತಡೆದು, ಇಬ್ಬರಿಗೂ ನಮಸ್ಕಾರ ಮಾಡಿದರು. ಆತಿಯಾಳಿಗೂ.

ಇತ್ತ ಬೈಯುವುದಕ್ಕಾದರೂ ಆ ತುಣುಕನ್ನು ಸಾವಿರಾರು ಜನ ನೋಡಿದ್ದರು. ಬೈದವರಿಗೆ ಉತ್ತರ ಕೊಡುವವರೂ ಹುಟ್ಟಿಕೊಂಡಿದ್ದರು. ಸಿದ್ದಾರ್ಥ ಮಾನಸಳಿಗೆ ಫೋನ್ ಮಾಡಿ, "ಇದ್ದಂಗೇ ಬುಡುಗಡೆ ಮಾಡ್ಬುಡನ ಬುಡು," ಎಂದ. ಪೋಸ್ಟರಿನಲ್ಲಿ ಆತಿಯಾಳ ಹೆಸರು ಸ್ವಲ್ಪ ಸಣ್ಣದಿರಲಿ ಎಂದೂ ಸೇರಿಸಿದ. ಮಾನಸ ಅದನ್ನು ತನ್ನ ಹೆಸರಿನಷ್ಟೇ ದೊಡ್ಡದಾಗಿ ಹಾಕಿಸಿದಳು.

ಪಾಂಡವಪುರದ ಟಾಕೀಸಿನಲ್ಲಿ ಮೊದಲ ಮಧ್ಯಾಹ್ನದ ಆಟಕ್ಕೆ ಅವರೆಲ್ಲ ಹೋದರು. ಅರ್ಧ ಸೀಟು ಖಾಲಿ ಇತ್ತು. ಶುರುವಿಗೆ ಆ ಲೋಹದ ಶಬ್ದ ಬಂದಾಗ ಹಿಂದಿನಿಂದ ಒಬ್ಬ, "ಸ್ಪೀಕರ್ ಕೆಟ್ಟೋಗದೆ ಕಣ್ಲಾ," ಎಂದ. ಒಂದಷ್ಟು ಜನ ನಕ್ಕರು. ಆಮೇಲೆ ಕಬ್ಬಿನ ಸಾಲು ಬಂತು. ಅಲ್ಲಿದ್ದವರೆಲ್ಲ ಆ ಸಾಲಿನಲ್ಲಿ ದಿನಗಟ್ಟಲೆ ಕಾದವರೇ. ನಗು ನಿಂತಿತು. ಹೆಂಗಸು ಟ್ರಾಕ್ಟರಿನ ಮೇಲೆ ಎದ್ದು ನಿಂತಳು. ಬಡಿತ ನಿಂತು, ಚರಣ ಒಂಟಿಯಾಗಿ ಮೇಲೇರಿತು. ವಜೀರ್ ಪಾಷಾ ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ನಾಗಲಕ್ಷ್ಮಮ್ಮ ಕತ್ತಲಲ್ಲಿ ಆತಿಯಾಳ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ದೃಶ್ಯ ಮುಗಿದ ಮೇಲೂ ಬಿಡಲಿಲ್ಲ.

ಸಿನಿಮಾ ಅಲ್ಲಿ ಎರಡು ವಾರ ಓಡಿತು, ಕೆ.ಆರ್. ಪೇಟೆಯಲ್ಲಿ ಒಂದು ವಾರ. ಬೆಂಗಳೂರಿನಲ್ಲಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಸಿದ್ದಾರ್ಥನಿಗೆ ಲಾಭವಾಗಲಿಲ್ಲ, ಮುಳುಗಲೂ ಇಲ್ಲ. ಪತ್ರಿಕೆಯೊಂದು ಸಂಗೀತವನ್ನು ಹೊಗಳಿತು, ಇನ್ನೊಂದು ಕರ್ಕಶ ಎಂದಿತು. ಆತಿಯಾ ಎರಡನ್ನೂ ಕತ್ತರಿಸಿ ಇಟ್ಟುಕೊಂಡಳು.

ಬೇಸಿಗೆಯಲ್ಲಿ ಮತ್ತೆ ಮದುವೆಗಳು ಬಂದವು. ಸಂತೆಬಾಚಹಳ್ಳಿಯಲ್ಲಿ ಒಂದು ಮದುವೆ. ಚಪ್ಪರದ ಕೆಳಗೆ ಊಟದ ಪಂಕ್ತಿ ಕೂತಿತ್ತು. ಆರ್ಕೆಸ್ಟ್ರಾದವರು ಎರಡು ಹಾಡು ಮುಗಿಸುವಷ್ಟರಲ್ಲಿ ಮದುವೆ ಹುಡುಗಿಯ ಅಜ್ಜಿ ಚಿಕ್ಕಬೋರಮ್ಮ ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದರು.

"ಅವ್ವಾ, ಆ ಟ್ರಾಕ್ಟರ್ ಹೆಂಗ್ಸು ಪಿಚ್ಚರ್ ಇತ್ತಲ್ಲ. ಅದ್ರದು ನುಡ್ಸು."

ಆರ್ಕೆಸ್ಟ್ರಾದ ಯಜಮಾನನೇ ಹಾಡುಗಾರನೂ ಆಗಿದ್ದ. ಅವನು ಮೈಕು ಸರಿಸಿ, "ಅದ್ರಲ್ಲಿ ಹಾಡಿಲ್ಲ ಕಣಜ್ಜಿ. ನಾನೇನ್ ಮಾಡ್ಲಿ?" ಎಂದ.

"ನೀನ್ ಸುಮ್ಕೆ ನಿಂತ್ಕಳಪ್ಪ. ಈ ಮಗ ನುಡಿಸ್ತದೆ."

ಆತಿಯಾ ನುಡಿಸಲು ಶುರುಮಾಡಿದಳು. ಎಲೆಯ ಮುಂದೆ ಕೂತವರಲ್ಲಿ ಕೆಲವರು ತಲೆ ಎತ್ತಿದರು, ಕೆಲವರು ಎತ್ತಲಿಲ್ಲ. ಬಡಿಸುತ್ತಿದ್ದ ಹೆಂಗಸರು ಪಾಯಸದ ಬಕೆಟ್ಟನ್ನು ಕೆಳಗಿಟ್ಟು ನಿಂತರು. ಚಿಕ್ಕಬೋರಮ್ಮ ವೇದಿಕೆಯ ಮೆಟ್ಟಿಲ ಮೇಲೇ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದರು. ಅನುಪಲ್ಲವಿ ಮುಗಿಯುತ್ತಲೇ ಯಜಮಾನ ಗಡಿಯಾರ ತೋರಿಸಿ, ಸಾಕು ನಿಲ್ಲಿಸು ಎಂದು ಕೈಸನ್ನೆ ಮಾಡಿದ. ಆತಿಯಾ ಅವನನ್ನು ನೋಡಿದಳು. ನೋಡಿಯೂ ಚರಣಕ್ಕೆ ಹೋದಳು.